ಗೇಮ್ ಶೋ ನೆಟ್‌ವರ್ಕ್: ಒಂದು ಹೆಸರು ಮತ್ತು ಅದರ ವಾರಸುದಾರರು

1956ರ ಫೆಬ್ರವರಿ 8ರ ರಾತ್ರಿ ಅಮೆರಿಕದ ಸಿಬಿಎಸ್ ದೂರದರ್ಶನ ಜಾಲದ 'ಐ ಹ್ಯಾವ್ ಗಾಟ್ ಎ ಸೀಕ್ರೆಟ್' ಕಾರ್ಯಕ್ರಮಕ್ಕೆ ಸ್ಯಾಮ್ಯುಯೆಲ್ ಸೀಮೋರ್ ಎಂಬ ಮೇರಿಲ್ಯಾಂಡಿನ ವೃದ್ಧರೊಬ್ಬರು ಬಂದರು. ವಯಸ್ಸು 95. ಹೋಟೆಲಿನಲ್ಲಿ ಬಿದ್ದು ಪೆಟ್ಟಾಗಿ ಕಣ್ಣಿನ ಬಳಿ ಊದಿಕೊಂಡಿತ್ತು, ಆದರೂ ಬಂದಿದ್ದರು. ಅತಿಥಿಯ ಮನಸ್ಸಿನಲ್ಲಿರುವ ಗುಟ್ಟನ್ನು ನಾಲ್ವರು ಪ್ರಶ್ನೆ ಕೇಳಿ ಕೇಳಿ ಹೊರಗೆಳೆಯುವುದು ಆ ಆಟದ ಕ್ರಮ. ಸೀಮೋರರ ಗುಟ್ಟು ಇದು: 1865ರ ಏಪ್ರಿಲ್ 14ರಂದು, ಐದು ವರ್ಷದ ಬಾಲಕನಾಗಿ ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದಲ್ಲಿ ಕುಳಿತಿದ್ದಾಗ, ಅಬ್ರಹಾಂ ಲಿಂಕನ್ನರ ಹತ್ಯೆಗೆ ಅವರು ಸಾಕ್ಷಿಯಾಗಿದ್ದರು. ಕಾರ್ಯಕ್ರಮದ ಪ್ರಾಯೋಜಕರು ಸಿಗರೇಟು ತಯಾರಕರು. ವೃದ್ಧರು ಸಿಗರೇಟು ಸೇದುವವರಲ್ಲ ಎಂದು ತಿಳಿದು, 80 ಡಾಲರ್ ಬಹುಮಾನದ ಜೊತೆಗೆ ಪೈಪಿನ ತಂಬಾಕನ್ನು ಕೊಟ್ಟು ಕಳುಹಿಸಿದರು. ಸುಮಾರು ಎರಡು ತಿಂಗಳ ನಂತರ ಸೀಮೋರ್ ತೀರಿಕೊಂಡರು.

ಲಿಂಕನ್ ಹತ್ಯೆಯ ಕೊನೆಯ ಸಾಕ್ಷಿ ಮಾತನಾಡಿದ್ದು ಇತಿಹಾಸಕಾರರ ಸಭೆಯಲ್ಲಲ್ಲ, ಹರಟೆಯ ಆಟವೊಂದರಲ್ಲಿ. ಆ ಕೆಲವು ನಿಮಿಷಗಳು ಉಳಿದದ್ದೂ ಯಾರೂ ಇತಿಹಾಸವೆಂದು ಕಾಪಿಟ್ಟದ್ದರಿಂದಲ್ಲ. ಒಂದು ಆಟದ ಸಂಚಿಕೆಯೆಂದು ಉಳಿದ ಸುರುಳಿಯ ಭಾಗವಾಗಿ ಉಳಿದವು. ಇಂತಹ ಸಾವಿರಾರು ಸುರುಳಿಗಳನ್ನು ಬಿಚ್ಚಿ ಮತ್ತೆ ಜನರಿಗೆ ತೋರಿಸಿದ ವಾಹಿನಿಯೊಂದು ಅಮೆರಿಕದಲ್ಲಿತ್ತು, ಈಗಲೂ ಇದೆ. ಅದು ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ಪ್ರಶ್ನೆಯ ಮೇಲೆ ಅದರ ಅಭಿಮಾನಿಗಳು ಎರಡು ದಶಕಗಳಿಗೂ ಹೆಚ್ಚು ಕಾಲ ತಮ್ಮತಮ್ಮಲ್ಲೇ ಕಾದಾಡಿದ್ದಾರೆ. ಹೊರಗಿನವರಿಗೆ ಈ ಜಗಳ ನಗು ತರಿಸುವಂಥದ್ದು. ಪುಸ್ತಕ, ಪಾಠ, ಪ್ರತಿ ಎಂದು ಬದುಕು ಸವೆಸುವವರಿಗೆ ಅಷ್ಟು ಸುಲಭವಾಗಿ ನಗು ಬಾರದು.

ಮೊದಲು ಸುರುಳಿಗಳ ಸಂಗತಿ. ಐವತ್ತರ ದಶಕದ ನೇರ ಪ್ರಸಾರವನ್ನು ಉಳಿಸಿಕೊಳ್ಳಲು ಇದ್ದ ದಾರಿ, ದೂರದರ್ಶನದ ಪರದೆಯ ಎದುರಿಗೆ ಚಲನಚಿತ್ರದ ಕ್ಯಾಮೆರಾ ಇಟ್ಟು ಚಿತ್ರೀಕರಿಸುವುದು. ಕಿನೆಸ್ಕೋಪ್ ಎಂದು ಅದರ ಹೆಸರು. ಚಿತ್ರ ಮಸುಕು, ಅಂಚುಗಳು ಬಾಗಿದಂತೆ. ಪ್ರಸಾರದ ಕೆಲಸ ಮುಗಿದ ಮೇಲೆ ಈ ಸುರುಳಿಗಳನ್ನು ನಾಶಮಾಡುವುದು ಆಗಿನ ರೂಢಿ. 1950ರಲ್ಲಿ ಆರಂಭವಾದ 'ವಾಟ್ಸ್ ಮೈ ಲೈನ್' ಕಾರ್ಯಕ್ರಮದ ನಿರ್ಮಾಪಕರಾದ ಮಾರ್ಕ್ ಗುಡ್‌ಸನ್ ಮತ್ತು ಬಿಲ್ ಟಾಡ್‌ಮನ್ 1952ರಲ್ಲಿ ಇದನ್ನರಿತು, ತಮ್ಮ ಖರ್ಚಿನಲ್ಲಿಯೇ ಪ್ರತಿಗಳನ್ನು ಉಳಿಸುವ ಏರ್ಪಾಡು ಮಾಡಿದರು. ಅಷ್ಟರಲ್ಲಿ ಮೊದಲ ಎರಡು ವರ್ಷಗಳ ಬಹುಪಾಲು ಸಂಚಿಕೆಗಳು ಹೋಗಿಯೇ ಬಿಟ್ಟಿದ್ದವು. ಮುಂದೆ ವಿಡಿಯೋ ಟೇಪು ಬಂದಾಗ ಪರಿಸ್ಥಿತಿ ಸುಧಾರಿಸಲಿಲ್ಲ, ಕೆಟ್ಟಿತು. ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದು, ಆದ್ದರಿಂದ ಅಳಿಸಿದರು. ಆರ್ಟ್ ಫ್ಲೆಮಿಂಗ್ 1964ರಿಂದ 1975ರವರೆಗೆ ನಡೆಸಿಕೊಟ್ಟ ಮೂಲ 'ಜೆಪರ್ಡಿ'ಯ ಸಾವಿರಾರು ಸಂಚಿಕೆಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಒಂದನೆಯ ಗುಣವರ್ಮನ 'ಶೂದ್ರಕ' ಮತ್ತು 'ಹರಿವಂಶ'ಗಳನ್ನು ಅನ್ಯರ ಸಂಕಲನಗಳಲ್ಲಿ ಉಳಿದ ಬಿಡಿಪದ್ಯಗಳ ಮೂಲಕವಷ್ಟೇ ಬಲ್ಲ ಕನ್ನಡ ವಿದ್ಯಾರ್ಥಿಗೆ ಈ ನಷ್ಟದ ಬಗೆ ಅಪರಿಚಿತವಲ್ಲ. ವ್ಯತ್ಯಾಸ ಒಂದೇ: ಓಲೆಗರಿಯನ್ನು ತಿಂದದ್ದು ಗೆದ್ದಲು ಮತ್ತು ಮರೆವು, ಇಲ್ಲಿ ಅಳಿಸುವ ಕೈಗೆ ಸಂಬಳ ಸಿಗುತ್ತಿತ್ತು.

1994ರ ಡಿಸೆಂಬರ್ 1ರಂದು 'ಗೇಮ್ ಶೋ ನೆಟ್‌ವರ್ಕ್' ಆರಂಭವಾದಾಗ ಉಳಿದದ್ದೆಲ್ಲಕ್ಕೂ ಒಂದು ಮನೆ ಸಿಕ್ಕಂತಾಯಿತು. ಸೋನಿ ಸಂಸ್ಥೆಯ ಪಾಲುದಾರಿಕೆಯ ಈ ವಾಹಿನಿಯ ಕೈಯಲ್ಲಿ ಸೋನಿಯದೇ ಆದ ಸಂಗ್ರಹವಿತ್ತು. ಗುಡ್‌ಸನ್-ಟಾಡ್‌ಮನ್ ಸಂಗ್ರಹ ಪರವಾನಗಿಯ ಮೇಲೆ ಬಂದಿತ್ತು. ಹಗಲಿಗೆ ಎಪ್ಪತ್ತು-ಎಂಬತ್ತರ ದಶಕಗಳ ಬಣ್ಣದ ಕಾರ್ಯಕ್ರಮಗಳು, ರಾತ್ರಿಯ ಒಂದು ಮೂಲೆಗೆ ಕಪ್ಪುಬಿಳುಪು. ವಾಹಿನಿಯನ್ನು ನಡೆಸುವವರ ದೃಷ್ಟಿಯಲ್ಲಿ ಇದು ಅಗ್ಗದ ಸರಕು: ನಿರ್ಮಾಣವೆಚ್ಚ ಎಂದೋ ತೀರಿದೆ, ಪರವಾನಗಿಯ ಹಣ ಕೊಟ್ಟರಾಯಿತು. ನೋಡುವವರ ದೃಷ್ಟಿಯಲ್ಲಿ ಅದು ಬೇರೆಯೇ ಆಗಿತ್ತು. ಅಜ್ಜಿಯ ಮನೆಯ ಮಧ್ಯಾಹ್ನ, ಶಾಲೆಗೆ ಚಕ್ಕರ್ ಹೊಡೆದು ಜ್ವರದ ನೆಪದಲ್ಲಿ ಮಲಗಿದ ದಿನ, ತೀರಿಹೋದ ತಂದೆ ಉತ್ತರವನ್ನು ಸ್ಪರ್ಧಿಗಿಂತ ಮೊದಲೇ ಕೂಗುತ್ತಿದ್ದ ದನಿ. ಒಂದೇ ವಸ್ತು ಒಬ್ಬರಿಗೆ ಸರಕಾಗಿ, ಇನ್ನೊಬ್ಬರಿಗೆ ಸ್ಮಾರಕವಾಗಿ ಕಾಣುವಾಗ ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಮೊದಲ ಪೆಟ್ಟು 1997ರ ಅಕ್ಟೋಬರಿನಲ್ಲಿ ಬಿತ್ತು. ಗುಡ್‌ಸನ್-ಟಾಡ್‌ಮನ್ ಸಂಗ್ರಹದ ಪರವಾನಗಿ ಮುಗಿಯಿತು. 'ಮ್ಯಾಚ್ ಗೇಮ್', 'ಪಾಸ್‌ವರ್ಡ್', 'ವಾಟ್ಸ್ ಮೈ ಲೈನ್' ಎಲ್ಲವೂ ಪರದೆಯಿಂದ ಮರೆಯಾದವು. 1998ರ ಏಪ್ರಿಲಿನಲ್ಲಿ ಹೊಸ ಒಪ್ಪಂದವಾಗುವವರೆಗಿನ ಆ ಆರು ತಿಂಗಳಿಗೆ ಅಭಿಮಾನಿಗಳು ಇಟ್ಟ ಹೆಸರು 'ಡಾರ್ಕ್ ಪೀರಿಯಡ್'. ಸಾಹಿತ್ಯ ಚರಿತ್ರೆಕಾರರು ಶತಮಾನಗಳಿಗೆ ಕೊಡುವ 'ಕತ್ತಲೆಯ ಯುಗ'ವೆಂಬ ಹೆಸರನ್ನು ಅವರು ಆರು ತಿಂಗಳಿಗೆ ಕೊಟ್ಟುಬಿಟ್ಟರು! ಉತ್ಪ್ರೇಕ್ಷೆಯೇ ಸರಿ. ಆದರೆ ಆ ಹೆಸರು ಒಂದು ಸತ್ಯವನ್ನೂ ಹೇಳುತ್ತದೆ. ಪುಸ್ತಕ ಮರುಮುದ್ರಣವಾಗದಿದ್ದರೆ ಹಳೆಯ ಪ್ರತಿಯಾದರೂ ಎಲ್ಲಿಯೋ ಒಂದು ಗ್ರಂಥಾಲಯದಲ್ಲಿ ಸಿಕ್ಕೀತು. ಈ ಕಾರ್ಯಕ್ರಮಗಳಿಗೆ ಆಗ ಅಂತಹ ಗ್ರಂಥಾಲಯವಿರಲಿಲ್ಲ. ಪ್ರಸಾರವಾದರೆ ಇದೆ, ಆಗದಿದ್ದರೆ ಇಲ್ಲ. ಪ್ರತಿಯಿದ್ದೂ ಕಾಣದ ಈ ಸ್ಥಿತಿ, ಭಂಡಾರದ ಬೀಗದ ಎದುರು ನಿಂತ ಸಂಶೋಧಕನ ಸ್ಥಿತಿ. ಅಲ್ಲಿಂದ ಮುಂದೆ ಅನೇಕರು ವಿಸಿಆರ್‌ಗಳಲ್ಲಿ ಪ್ರತಿ ಮಾಡಿಕೊಳ್ಳುವುದನ್ನು, ಮೂಲಪ್ರಸಾರದ ದಿನಾಂಕ ಬರೆದು ಪರಸ್ಪರ ವಿನಿಮಯ ಮಾಡಿಕೊಳ್ಳುವುದನ್ನು ಇನ್ನಷ್ಟು ಶ್ರದ್ಧೆಯಿಂದ ನಡೆಸಿದರು. ವಾಹಿನಿ ಜಾಹೀರಾತಿನ ಹೊತ್ತಿಗಾಗಿ ಹಳೆಯ ಸಂಚಿಕೆಗಳನ್ನು ಕತ್ತರಿಸಿದ್ದು, ಕೊನೆಯ ಹೆಸರುಗಳ ಪಟ್ಟಿಯನ್ನು ಮೂಲೆಗೆ ಒತ್ತಿದ್ದು ಅವರಿಗೆ ಪಾಠದೋಷದಂತೆ ಕಾಣುತ್ತಿತ್ತು. ಇವರಲ್ಲಿ ಹೆಚ್ಚಿನವರು ವಿದ್ವಾಂಸರಲ್ಲ. ಆದರೆ ಅವರು ಮಾಡಿದ್ದು ಗ್ರಂಥಸಂಪಾದನೆಯ ಪೂರ್ವಸಿದ್ಧತೆಯೇ.

ಇಲ್ಲಿಯವರೆಗೆ ಅಭಿಮಾನಿಗಳೆಲ್ಲರೂ ಒಂದು ಕಡೆ, ವಾಹಿನಿ ಇನ್ನೊಂದು ಕಡೆ. ಒಡಕು ತೋರಿದ್ದು ಹೊಸ ಕಾರ್ಯಕ್ರಮಗಳು ಬಂದಾಗ. 1999ರ ಆಗಸ್ಟಿನಲ್ಲಿ ಎಬಿಸಿ ಜಾಲದಲ್ಲಿ ಆರಂಭವಾದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ರಸಪ್ರಶ್ನೆಯ ಆಟಕ್ಕೆ ಮತ್ತೆ ಜೀವ ತುಂಬಿತ್ತು. ಬ್ರಿಟನ್ನಿನಲ್ಲಿ ಹುಟ್ಟಿದ ಆ ಮಾದರಿಯೇ ಭಾರತಕ್ಕೂ ಬಂದು, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಕನ್ನಡದ ಕೋಟ್ಯಧಿಪತಿ'ಯಾಗಿ ನಮ್ಮ ಮನೆಗಳನ್ನೂ ಹೊಕ್ಕಿತು. ಈ ಅಲೆಯ ಮೇಲೆ ಗೇಮ್ ಶೋ ನೆಟ್‌ವರ್ಕ್ 2002ರಲ್ಲಿ ಸ್ವಂತ ಕಾರ್ಯಕ್ರಮಗಳಿಗೆ ಜೋರಾಗಿ ಕೈಹಾಕಿತು. ಐದಕ್ಷರದ ಪದಗಳನ್ನು ಊಹಿಸುವ 'ಲಿಂಗೋ', ಸ್ಪರ್ಧಿಯ ಕಾಲ ಕೆಳಗಿನ ನೆಲವೇ ತೆರೆದುಕೊಳ್ಳುವ 'ರಷ್ಯನ್ ರೂಲೆಟ್', ಗೆದ್ದ ಹಣವನ್ನು ಹಂಚಿಕೊಳ್ಳಬೇಕೋ ಕಬಳಿಸಬೇಕೋ ಎಂದು ಜೊತೆಗಾರರನ್ನು ಪರೀಕ್ಷಿಸುವ 'ಫ್ರೆಂಡ್ ಆರ್ ಫೋ'.

ಹಳೆಯದನ್ನೇ ಬಯಸುವವರ ವಾದ ಇಷ್ಟು: ಹೊಸದನ್ನು ಮಾಡಲು ನೂರು ವಾಹಿನಿಗಳಿವೆ, ಹಳೆಯದನ್ನು ತೋರಿಸಲು ಇರುವುದು ಒಂದೇ, ಅದೂ ಹೊಸದರ ಹಿಂದೆ ಓಡಿದರೆ ಹಳೆಯದು ಎಲ್ಲಿಗೆ ಹೋಗಬೇಕು? ಹೊಸದರ ಪರವಾಗಿದ್ದವರ ಉತ್ತರವೂ ಸಣ್ಣದಲ್ಲ. ಹೊಸ ಆಟಗಳಿಲ್ಲದ ಪ್ರಕಾರ ಸತ್ತ ಪ್ರಕಾರ. ಮರುಪ್ರಸಾರ ಮಾತ್ರದಿಂದ ಬದುಕುವುದೆಂದರೆ ಶ್ರಾದ್ಧ ಮಾಡುತ್ತ ಕುಳಿತಂತೆ. ಇವೆರಡರ ನಡುವೆ ಹಣದ ಮಾತೊಂದಿತ್ತು. ಅಮೆರಿಕದ ಜಾಹೀರಾತುದಾರರು ಪ್ರೇಕ್ಷಕರನ್ನು ವಯಸ್ಸಿನಿಂದ ತೂಗುತ್ತಾರೆ. 18ರಿಂದ 49ರವರೆಗಿನವರಿಗೆ ಹೆಚ್ಚು ಬೆಲೆ, ಅದರಾಚೆಗೆ ಇಳಿಮುಖ. 'ಪಾಸ್‌ವರ್ಡ್' ನೋಡುವ ಅರವತ್ತೈದರ ಗೃಹಿಣಿ ವಾಹಿನಿಯ ಅತ್ಯಂತ ನಿಷ್ಠಾವಂತ ಪ್ರೇಕ್ಷಕಳಾಗಿರಬಹುದು. ಲೆಕ್ಕದ ಪುಸ್ತಕದಲ್ಲಿ ಅವಳ ನಿಷ್ಠೆಗೆ ಕಾಲಂ ಇಲ್ಲ. ಹಳೆಯದರ ಪರ ವಾದಿಸಿದವರು ಬಹುಮಟ್ಟಿಗೆ ಈ ಮಾತನ್ನು ಕಡೆಗಣಿಸಿದರು. ಹೊಸದರ ಪರದವರು ಅದೊಂದನ್ನೇ ಹಿಡಿದುಕೊಂಡು, ಇದು ತಮ್ಮದೇ ಅಭಿರುಚಿಯ ಗೆಲುವೆಂಬಂತೆ ಮಾತನಾಡಿದರು. ಇಬ್ಬರೂ ತಮ್ಮದಲ್ಲದ ಅಂಗಡಿಯ ಲೆಕ್ಕ ಬರೆಯುತ್ತಿದ್ದರೆಂದೇ ಹೇಳಬೇಕು.

2004ರ ಮಾರ್ಚ್ 15ರಂದು ವಾಹಿನಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. 'ಜಿಎಸ್‌ಎನ್' ಎಂಬ ಮೂರಕ್ಷರ, ಕೆಳಗೆ 'ಆಟಗಳ ಜಾಲ' ಎಂಬರ್ಥದ ಘೋಷವಾಕ್ಯ. ಬ್ಲ್ಯಾಕ್‌ಜಾಕ್ ಪಂದ್ಯ, ಡಾಡ್ಜ್‌ಬಾಲ್, ಮುಂದೆ 2006ರಿಂದ 'ಹೈ ಸ್ಟೇಕ್ಸ್ ಪೋಕರ್', ರಿಯಾಲಿಟಿ ಕಾರ್ಯಕ್ರಮಗಳ ಮರುಪ್ರಸಾರ. ಬಿಟ್ಟುಹೋದದ್ದು 'ಶೋ' ಎಂಬ ಒಂದೇ ಪದ. ಆದರೆ ಜಗಳದ ತಿರುಳು ಆ ಪದದಲ್ಲಿಯೇ ಇತ್ತು. ಕನ್ನಡದಲ್ಲಿ ಈ ತೊಡಕನ್ನು ವಿವರಿಸುವುದು ಸ್ವಾರಸ್ಯಕರ. ನಮ್ಮ 'ಆಟ' ಎರಡನ್ನೂ ಒಳಗೊಂಡ ಶಬ್ದ. ಮಕ್ಕಳು ಆಡುವುದೂ ಆಟ, ಕರಾವಳಿಯವರು ರಾತ್ರಿಯಿಡೀ ಕುಳಿತು ನೋಡುವ ಯಕ್ಷಗಾನವೂ ಆಟ. ಆದರೆ ಇಸ್ಪೀಟಿನಲ್ಲಿ ಹಣ ಕಟ್ಟಿದೊಡನೆ ಅದು 'ಜೂಜು'. ಹಳೆಯ ಅಭಿಮಾನಿಯ ಆಕ್ಷೇಪವನ್ನು ಕನ್ನಡಕ್ಕೆ ತಂದರೆ ಹೀಗಾದೀತು: ಆಟದ ಮನೆಯಲ್ಲಿ ಜೂಜು ಕುಳಿತಿತು. ಗೇಮ್ ಶೋ ಎಂದರೆ ಬರಿಯ ಗೆಲುವು-ಸೋಲಲ್ಲ. ಊರಿನ ಯಾರೋ ಒಬ್ಬರು ವೇದಿಕೆಗೆ ಬಂದು ತಮ್ಮ ಹೆಸರು, ಊರು, ಕೆಲಸ ಹೇಳಿ, ನಿರೂಪಕನೊಂದಿಗೆ ಎರಡು ಮಾತಾಡಿ, ಆಮೇಲೆ ಆಡುವುದು. ಪೋಕರ್ ಮೇಜಿನಲ್ಲಿ ವೃತ್ತಿಪರ ಆಟಗಾರರು ಕಪ್ಪು ಕನ್ನಡಕ ಹಾಕಿ ಮೌನವಾಗಿ ಕುಳಿತಿರುತ್ತಾರೆ. ಅಲ್ಲಿ ಕೌಶಲವಿದೆ, ನೆರೆಮನೆಯವರಿಲ್ಲ.

ಇಷ್ಟಾದರೂ 2004ರ ಬದಲಾವಣೆಯನ್ನು ವಂಚನೆ ಎನ್ನಲಾಗದು. ತೋರಿಸುವುದು ಬದಲಾದಾಗ ಹೆಸರಿನ ಹಲಗೆಯನ್ನೂ ಬದಲಿಸುವುದು ಒಂದು ಬಗೆಯ ಪ್ರಾಮಾಣಿಕತೆಯೇ. ಅದೇ ಕಾಲದಲ್ಲಿ ಸಂಗೀತದ ಹೆಸರನ್ನು ಉಳಿಸಿಕೊಂಡೇ ಸಂಗೀತವನ್ನು ಬಿಟ್ಟ ಎಂಟಿವಿ ಕಣ್ಣೆದುರಿಗಿತ್ತು. ಮುಂದೆ ಜಿಎಸ್‌ಎನ್ ಪೋಕರ್, ರಿಯಾಲಿಟಿಗಳ ಆಸೆ ಬಿಟ್ಟು ಆಟಗಳಿಗೇ ಮರಳಿತು. ಹಳೆಯ ಪೂರ್ಣನಾಮವನ್ನೂ ಮತ್ತೆ ಧರಿಸಿತು. ಗೆಲುವು ಹಳಬರದೇ? ಅಲ್ಲ. ಮರಳಿದ್ದು ಹೆಸರು, ಹಳೆಯ ಸುರುಳಿಗಳಲ್ಲ.

ಈ ಜಗಳದಲ್ಲಿ ಎರಡು ಬಣಗಳೂ ಬಾಯಿ ಮುಚ್ಚಿ ನೋಡಿದ ಒಂದು ಸಂದರ್ಭವಿದೆ. 1984ರಲ್ಲಿ ಓಹಾಯೋ ರಾಜ್ಯದ ಮೈಕೆಲ್ ಲಾರ್ಸನ್ ಎಂಬಾತ 'ಪ್ರೆಸ್ ಯುವರ್ ಲಕ್' ಎಂಬ ಆಟದಲ್ಲಿ 1,10,237 ಡಾಲರ್ ಗೆದ್ದ. ಫಲಕದ ಮೇಲೆ ದೀಪ ಅಡ್ಡಾದಿಡ್ಡಿಯಾಗಿ ಓಡುತ್ತದೆ, ಸ್ಪರ್ಧಿ ಗುಂಡಿ ಒತ್ತಿ ಅದನ್ನು ನಿಲ್ಲಿಸಬೇಕು, ಅದೃಷ್ಟದ ಆಟ. ಲಾರ್ಸನ್ ಮನೆಯಲ್ಲಿ ಸಂಚಿಕೆಗಳನ್ನು ವಿಡಿಯೋದಲ್ಲಿ ಮುದ್ರಿಸಿಕೊಂಡು, ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ ನೋಡಿ, ದೀಪದ ಓಟ ಅಡ್ಡಾದಿಡ್ಡಿಯಲ್ಲ, ಐದೇ ಮಾದರಿಗಳು ಮತ್ತೆ ಮತ್ತೆ ಬರುತ್ತವೆ ಎಂದು ಕಂಡುಹಿಡಿದು, ಅವನ್ನು ಕಂಠಪಾಠ ಮಾಡಿದ್ದ. ಸಿಬಿಎಸ್ ಮೊದಲು ಅನುಮಾನಿಸಿತು, ನಿಯಮದ ಉಲ್ಲಂಘನೆ ಕಾಣದೆ ಹಣ ಕೊಟ್ಟಿತು, ಫಲಕವನ್ನು ಬದಲಿಸಿತು, ಆ ಸಂಚಿಕೆಗಳನ್ನು ಬಹುಕಾಲ ಯಾರಿಗೂ ತೋರಿಸಲಿಲ್ಲ. 2003ರ ಮಾರ್ಚಿನಲ್ಲಿ ಗೇಮ್ ಶೋ ನೆಟ್‌ವರ್ಕ್ ಇದನ್ನೇ ವಸ್ತುವಾಗಿಸಿ ಎರಡು ಗಂಟೆಯ ಸಾಕ್ಷ್ಯಚಿತ್ರ ತಯಾರಿಸಿತು. ಅದು ಹಳೆಯದೇ, ಹೊಸದೇ? ಹಳೆಯ ಆಕರವನ್ನು ಹೊಸದಾಗಿ ಓದಿದ ಕೃತಿ. ವಾಹಿನಿಗೆ ಇನ್ನೊಂದು ದಾರಿಯೂ ಇತ್ತೆಂಬುದಕ್ಕೆ ಇದು ಸಾಕ್ಷಿ. ಆ ದಾರಿಯಲ್ಲಿ ಅದು ಹೆಚ್ಚು ದೂರ ನಡೆಯಲಿಲ್ಲವೆಂಬುದೇ ವ್ಯಥೆ.

ಅಭಿಮಾನಿಗಳ ವಾದದಲ್ಲಿ ಇನ್ನೊಂದು ವಿಚಿತ್ರವುಂಟು. 2002ರಲ್ಲಿ 'ಲಿಂಗೋ' ಬಂದಾಗ ಹಳೆಯದರ ಜಾಗ ಕಸಿದುಕೊಂಡಿತೆಂದು ದೂರಿದವರಿದ್ದರು. 2007ರಲ್ಲಿ ಅದು ನಿಂತಾಗ ಅದಕ್ಕಾಗಿ ಮರುಗಿದವರ ಸಂಖ್ಯೆ ಕಡಿಮೆಯೇನಿರಲಿಲ್ಲ. ಮುಂದೆ 'ದಿ ಚೇಸ್' 2013ರಲ್ಲಿ ಬಂದು ರಸಪ್ರಶ್ನೆ ಪ್ರಿಯರನ್ನು ಗೆದ್ದಿತು. 2012ರ 'ಅಮೆರಿಕನ್ ಬೈಬಲ್ ಚಾಲೆಂಜ್' ಆವರೆಗಿನ ಅದರ ಸ್ವಂತ ಕಾರ್ಯಕ್ರಮಗಳಲ್ಲೆಲ್ಲ ಹೆಚ್ಚು ಪ್ರೇಕ್ಷಕರನ್ನು ಸೆಳೆಯಿತು. 2014ರಲ್ಲಿ ಮೈಮೇಲೆ ಬಣ್ಣ ಬಳಿಯುವ ಸ್ಪರ್ಧೆ 'ಸ್ಕಿನ್ ವಾರ್ಸ್' ಬಂದಾಗ ಬೈಬಲಿಗಾಗಿ ಬಂದವರ ಹುಬ್ಬು ಮೇಲೇರಿತ್ತೇನೋ. ಸ್ಟೀವ್ ಹಾರ್ವಿ ನಡೆಸಿಕೊಡುವ 'ಫ್ಯಾಮಿಲಿ ಫ್ಯೂಡ್' ದಿನದ ಎಷ್ಟೋ ಗಂಟೆಗಳನ್ನು ನುಂಗತೊಡಗಿದ ಮೇಲಂತೂ ಹಳಬರೂ ಹೊಸಬರೂ ಒಂದೇ ದನಿಯಲ್ಲಿ ಗೊಣಗಿದರು. ಆದರೆ ಲೆಕ್ಕ ಬರೆಯುವವರ ಪ್ರಕಾರ ಜನ ಅದನ್ನೇ ನೋಡುತ್ತಿದ್ದರು. ಗೊಣಗುವವರೂ ನೋಡುತ್ತಿದ್ದರೆಂದು ನಂಬಲು ಅಡ್ಡಿಯಿಲ್ಲ.

ಹಳಬರಲ್ಲಿಯೂ ಒಮ್ಮತವಿರಲಿಲ್ಲ. 'ಮ್ಯಾಚ್ ಗೇಮ್'ನ ಜೀನ್ ರೇಬರ್ನ್, ಬ್ರೆಟ್ ಸೋಮರ್ಸ್, ಚಾರ್ಲ್ಸ್ ನೆಲ್ಸನ್ ರೈಲಿಯರ ಪೋಲಿ ಹಾಸ್ಯವೇ ಪರಮಾವಧಿ ಎನ್ನುವವರಿಗೆ ಕಪ್ಪುಬಿಳುಪಿನ ಸಂಭಾವಿತರು ನೀರಸ. 'ವಾಟ್ಸ್ ಮೈ ಲೈನ್'ನ ಸಂಜೆಯುಡುಪು, ಮುತ್ತಿನ ಹಾರ, ಹದವಾದ ಮಾತುಗಳನ್ನು ಮೆಚ್ಚುವವರಿಗೆ ಎಪ್ಪತ್ತರ ದಶಕವೇ ಪತನದ ಆರಂಭ. ಹಳೆಯ ಸಂಚಿಕೆಗಳಲ್ಲಿ ಮುಜುಗರದ ಸಂಗತಿಗಳೂ ಇದ್ದವು. ಸಿಗರೇಟಿನ ಜಾಹೀರಾತು, ಹೆಂಗಸರ ಬಗ್ಗೆ ಆಡುವ ಮಾತು, ಬಹುಮಾನವಾಗಿ ಕೊಡುವ ಪ್ರಾಣಿಚರ್ಮದ ಕೋಟುಗಳು. 'ದಿ ಪ್ರೈಸ್ ಈಸ್ ರೈಟ್'ನ ನಿರೂಪಕ ಬಾಬ್ ಬಾರ್ಕರ್ ಪ್ರಾಣಿದಯೆಯ ಪ್ರತಿಪಾದಕರಾಗಿದ್ದು, ಚರ್ಮದ ಕೋಟುಗಳ ಕಾರಣಕ್ಕೇ ಮಿಸ್ ಯುಎಸ್‌ಎ ಸ್ಪರ್ಧೆಯ ನಿರೂಪಣೆಯನ್ನು ಬಿಟ್ಟವರು. ಅಂತಹ ಬಹುಮಾನಗಳಿದ್ದ ಹಳೆಯ ಸಂಚಿಕೆಗಳು ಮರುಪ್ರಸಾರಕ್ಕೆ ಬಾರದಿರುವುದಕ್ಕೆ ಅವರ ಆಕ್ಷೇಪವೇ ಕಾರಣವೆಂಬ ಮಾತು ಅಭಿಮಾನಿಗಳಲ್ಲಿ ಬಹುಕಾಲದಿಂದಿದೆ. ಅದು ನಿಜವಾಗಿದ್ದರೆ ಆ ಸಂಕೋಚಕ್ಕೆ ಗೌರವ ಸಲ್ಲಬೇಕು. ದಾಖಲೆ ಮುಚ್ಚಿಡಬಾರದೆಂಬ ವಾದವೂ ಅಷ್ಟೇ ಗಟ್ಟಿ. ಈ ಎರಡರ ನಡುವೆ ತೀರ್ಪು ಕೊಡುವುದು ಸುಲಭವಲ್ಲ.

ವಾಹಿನಿ ಯಾರದೆಂಬ ಪ್ರಶ್ನೆ ಕಡೆಗೆ ಕಾನೂನಿನ ಮೆಟ್ಟಿಲನ್ನೂ ಹತ್ತಿತು, ಬೇರೊಂದು ರೂಪದಲ್ಲಿ. 2011ರಲ್ಲಿ ಕೇಬಲ್‌ವಿಷನ್ ಸಂಸ್ಥೆ ಜಿಎಸ್‌ಎನ್ ಅನ್ನು ಸಾಮಾನ್ಯ ಶ್ರೇಣಿಯಿಂದ ತೆಗೆದು, ಹೆಚ್ಚು ಹಣ ತೆರುವ ಕ್ರೀಡಾ ಶ್ರೇಣಿಗೆ ಹಾಕಿತು. ಕೇಬಲ್‌ವಿಷನ್ ಬಳಗದಲ್ಲಿ ಮಹಿಳೆಯರಿಗೆಂದೇ ಇದ್ದ ವಾಹಿನಿಗಳಿದ್ದವು. ತಮ್ಮದೂ ಅಂಥದೇ ಪ್ರೇಕ್ಷಕರ ವಾಹಿನಿಯಾದ್ದರಿಂದ ಇದು ಪಕ್ಷಪಾತವೆಂದು ಜಿಎಸ್‌ಎನ್ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿಗೆ ದೂರಿತು. 2016ರಲ್ಲಿ ಅಲ್ಲಿನ ನ್ಯಾಯಾಧೀಶರು ಜಿಎಸ್‌ಎನ್ ಪರ ತೀರ್ಪಿತ್ತರು. ಮರುವರ್ಷ ಕಮಿಷನ್ ಅದನ್ನು ತಿರುಗಿಸಿತು. ಹಲವು ವರ್ಷ ಪರಿಣತರೂ ವಕೀಲರೂ ಕೂಡಿ, ಈ ವಾಹಿನಿಯನ್ನು ನೋಡುವವರು ಯಾರು, ಇದು ಯಾರಿಗಾಗಿ ಇರುವುದು ಎಂದು ಪ್ರಮಾಣ ಮಾಡಿ ವಾದಿಸಿದರು. ಅಭಿಮಾನಿಗಳು ಅದನ್ನೇ ಬಿಟ್ಟಿಯಾಗಿ ಮಾಡುತ್ತಿದ್ದರು.

2015ರ ಜೂನ್ 1ರಂದು, ಗುಡ್‌ಸನ್-ಟಾಡ್‌ಮನ್ ಸಂಗ್ರಹದ ಒಡೆಯರಾದ ಫ್ರೀಮ್ಯಾಂಟಲ್ ಸಂಸ್ಥೆಯವರು 'ಬಜ್ಜರ್' ಎಂಬ ತಮ್ಮದೇ ವಾಹಿನಿ ಆರಂಭಿಸಿದರು. 'ಮ್ಯಾಚ್ ಗೇಮ್', 'ಪಾಸ್‌ವರ್ಡ್', 'ವಾಟ್ಸ್ ಮೈ ಲೈನ್'ಗಳಿಗೆ ಮತ್ತೆ ನೆಲೆ ಸಿಕ್ಕಿತು. ಹೊಸದಕ್ಕೊಂದು ಮನೆ, ಹಳೆಯದಕ್ಕೊಂದು ಮನೆ, ಪಾಲಾದ ಕುಟುಂಬದಂತೆ. ಹಾಗಾದ ಮೇಲೆ ಜಗಳ ತಣ್ಣಗಾಗಬೇಕಿತ್ತು. ಯಾವ ವರ್ಷದ 'ಮ್ಯಾಚ್ ಗೇಮ್' ತೋರಿಸುತ್ತಾರೆ, ಅದದೇ ಸಂಚಿಕೆಗಳು ಏಕೆ ಮರಳಿ ಬರುತ್ತವೆ, ಕಪ್ಪುಬಿಳುಪನ್ನು ಏಕೆ ರಾತ್ರಿಗೆ ತಳ್ಳುತ್ತಾರೆ ಎಂಬ ತಕರಾರುಗಳು ಹೊಸ ಮನೆಯಲ್ಲಿಯೂ ಎದ್ದವು.

ರಾತ್ರಿಗೆ ತಳ್ಳಿದ ಆ ಕಪ್ಪುಬಿಳುಪಿನ ಹೊತ್ತು ಗೇಮ್ ಶೋ ನೆಟ್‌ವರ್ಕಿನಲ್ಲಿ ಬೆಳಗಿನ ಜಾವ ಮೂರರ ಸುಮಾರಿಗಿತ್ತು. ಆಗ ಎದ್ದು ಕೂರುವವರು ಕೆಲವರೇ: ನಿದ್ದೆ ಬಾರದವರು, ರಾತ್ರಿಪಾಳಿ ಮುಗಿಸಿದವರು, ಅಲಾರಂ ಇಟ್ಟುಕೊಂಡ ಹಟವಾದಿಗಳು. 'ವಾಟ್ಸ್ ಮೈ ಲೈನ್' ಅಲ್ಲಿ ಮೂಲಪ್ರಸಾರದ ದಿನಾಂಕದ ಕ್ರಮದಲ್ಲಿಯೇ ಸಾಗುತ್ತಿತ್ತು. ಹದಿನೈದು ವರ್ಷ ಆ ಮೇಜಿನಲ್ಲಿ ಕುಳಿತ ಪತ್ರಕರ್ತೆ ಡೊರೊತಿ ಕಿಲ್‌ಗಾಲನ್ 1965ರ ನವೆಂಬರ್ 7ರ ಭಾನುವಾರ ರಾತ್ರಿ ನೇರ ಪ್ರಸಾರದಲ್ಲಿ ಭಾಗವಹಿಸಿ ಮನೆಗೆ ಹೋದವರು, ಮರುದಿನ ಶವವಾಗಿ ಸಿಕ್ಕರು. ನೋಡುವವರಿಗೆ ಇದು ಗೊತ್ತು. ಪರದೆಯ ಮೇಲಿನವರಿಗೆ ಗೊತ್ತಿಲ್ಲ. ಅಕ್ಟೋಬರ್ ಬಂದಂತೆ ಅಭಿಮಾನಿಗಳು ದಿನ ಎಣಿಸುತ್ತಿದ್ದರು. ನವೆಂಬರ್ 7ರ ಸಂಚಿಕೆಯಲ್ಲಿ ಆಕೆ ಎಂದಿನಂತೆ ಕಣ್ಣುಪಟ್ಟಿ ಕಟ್ಟಿಕೊಂಡು, ಪ್ರಶ್ನೆ ಕೇಳಿ, ಶುಭರಾತ್ರಿ ಹೇಳಿದರು. ಮುಂದಿನ ಸರದಿಯಲ್ಲಿ ನವೆಂಬರ್ 14. ನಿರೂಪಕ ಜಾನ್ ಡೇಲಿ ಆಕೆಯನ್ನು ನೆನೆದರು, ಸಹಚರರು ಕೊನೆಯಲ್ಲಿ ಒಂದೆರಡು ಮಾತಾಡಿದರು, ಆಟ ನಡೆಯಿತು. ನಾಲ್ಕು ಗಂಟೆಗೆ ವಾಹಿನಿ ಮಾಮೂಲಿನಂತೆ ಜಾಹೀರಾತಿಗೆ ಹೊರಳಿತು.